ಹಳೇ ಫಿಯಟ್‌ಗೆ ಜಿಪ್ಸಿ ಇಂಜಿನ್ ಕೂರುತ್ತಾ?

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಶೆಡ್ಡಿನಲ್ಲಿ ಪ್ರೀಮಿಯರ್ ಪದ್ಮಿನಿ (ಜನ ಫಿಯಟ್ ಅನ್ನುವ ಹಳೇ ಕಾರು) ಇಟ್ಟುಕೊಂಡವರೆಲ್ಲ ಕೇಳುವುದು ಇದೊಂದೇ: "ಸರ್, ಇದಕ್ಕೆ ಜಿಪ್ಸಿ ಇಂಜಿನ್ ಮನೇಲೇ ಹಾಕ್ಬೋದಾ?" ಹಾಕಬಹುದು. ಜಿಪ್ಸಿ ಅಂದರೆ ಮಾರುತಿಯ ಜೀಪು. ಎರಡರಲ್ಲೂ ಇಂಜಿನ್ ಉದ್ದಕ್ಕೇ ಕೂರುತ್ತದೆ, ಹಿಂದಿನ ಗಾಲಿ ತಳ್ಳುತ್ತದೆ. ಆದರೆ ಇಂಜಿನ್ ಇಳಿಸುವುದು ಸಣ್ಣ ಕೆಲಸ. ದುಡ್ಡು, ತಿಂಗಳು ಎರಡನ್ನೂ ತಿನ್ನುವುದು ಅದರ ಸುತ್ತಮುತ್ತಲಿನದ್ದು.

ಮೊದಲು ಕಾನೂನು ತಿಳಿದುಕೊಳ್ಳಿ, ಕೊಂಡ ಮೇಲಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ಕಾಯ್ದೆಯ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅದೇ ಮಾದರಿಯ ಇಂಜಿನ್ ಹಾಕಿ ಆರ್‌ಟಿಒದಲ್ಲಿ ನಂಬರ್ ಬದಲಾಯಿಸಿಕೊಳ್ಳುವುದು ಬೇರೆ ಮಾತು. ಗಾಡಿಗೆ 50 ವರ್ಷ ದಾಟಿದ್ದರೆ ವಿಂಟೇಜ್ ನೋಂದಣಿಯ ಆಸೆಯನ್ನೂ ಬಿಡಬೇಕು, ಇಂಜಿನ್ ಬದಲಾದ ಗಾಡಿಗೆ ಅದು ಸಿಗದು. ಹಾಗಾಗಿ ಮುಂದೆ ಬರೆದದ್ದೆಲ್ಲ ಸ್ವಂತ ಜಮೀನು, ಖಾಸಗಿ ಟ್ರ್ಯಾಕ್‌ಗಷ್ಟೇ. ದಾವಣಗೆರೆಯ ಕೆಎ-17 ಬೋರ್ಡ್ ಹಾಕಿಕೊಂಡು ಪಿ.ಬಿ. ರೋಡಿಗೆ ಇಳಿಯುವವರು ಹಳೇ 1089 ಸಿಸಿ ಇಂಜಿನ್ನನ್ನೇ ಬೋರ್ ಮಾಡಿಸಿ ಕಟ್ಟಿಸುವುದು ಲೇಸು.

ಇಂಜಿನ್ ಒಂದನ್ನೇ ಕೊಳ್ಳಬೇಡಿ. ಗೇರ್‌ಬಾಕ್ಸ್, ಕ್ಲಚ್, ರೇಡಿಯೇಟರ್, ವೈರಿಂಗ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಇದ್ದರೆ) ಎಲ್ಲ ಒಂದೇ ಗಾಡಿಯದ್ದು ಬರಲಿ. ಫಿಯಟ್ ಗೇರ್‌ಬಾಕ್ಸ್ ಉಳಿಸಿಕೊಂಡು ನಡುವೆ ಪ್ಲೇಟ್ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಕ್ರ್ಯಾಂಕಿನ ನಡುಗೆರೆ, ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಆ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕಿತ್ತುಹೋಗುತ್ತದೆ, ಗೇರ್ ತಾನೇ ಜಾರುತ್ತದೆ. ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬೇರೆ, ಎರಡನೆಯದನ್ನು ಬಿಟ್ಟುಬಿಡಬಹುದು. ಸ್ಪೀಡೋಮೀಟರ್ ಕೇಬಲ್ ಇರುವುದು ಮಾತ್ರ ಆ ಬಿಟ್ಟ ಡಬ್ಬದಲ್ಲೇ! ಮೊದಲ ಸಲ ಕೈ ಹಾಕುವವರಿಗೆ 1298 ಸಿಸಿಯ ಕಾರ್ಬೊರೇಟರ್ ಜಿಪ್ಸಿ ಕಿಂಗ್ ಸಾಕು. ಎಂಪಿಎಫ್‌ಐದು (ಕಾರ್ಬೊರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವುದು) 80 ಅಶ್ವಶಕ್ತಿ ಕೊಡುತ್ತದೆ ನಿಜ, ತಲೆನೋವೂ ಅಷ್ಟೇ.

ಅಳತೆಗೆ ಸಿಕ್ಕಿಬೀಳುವುದು ಆಯಿಲ್ ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿ. ಅದು ಮುಂದಿನ ಕ್ರಾಸ್ ಮೆಂಬರ್‌ಗೆ (ಗಾಡಿಯ ಅಡ್ಡ ತೊಲೆಗೆ) ತಾಗುತ್ತದೆ. ಇಂಜಿನ್ ಎತ್ತಿದರೆ ಬಾನೆಟ್ ಮುಚ್ಚದು, ಹಿಂದೆ ತಳ್ಳಿದರೆ ಡ್ಯಾಶ್ ಗೋಡೆ. ಆಗ ಕ್ರಾಸ್ ಮೆಂಬರ್ ಕತ್ತರಿಸುವವರಿದ್ದಾರೆ. ಸಸ್ಪೆನ್ಷನ್ ಪೂರಾ ಅದರ ಮೇಲೆ ನಿಂತಿದೆ, ಮುಟ್ಟಬೇಡಿ. ಸಂಪನ್ನೇ ಕತ್ತರಿಸಿ ಹಿಂದಕ್ಕೆ ಆಳ ಮಾಡಿ, ಮೊದಲಿನಷ್ಟೇ ಆಯಿಲ್ ಹಿಡಿಯಬೇಕು. ಆಯಿಲ್ ಹೀರುವ ಪಿಕಪ್ ಜಾಲರಿಗೂ ತಳಕ್ಕೂ 8 ಮಿ.ಮೀ. ಜಾಗ ಇರಲಿ, ತಾಗಿದರೆ ಆಯಿಲ್ ಏರದು, ದೂರವಾದರೆ ತಿರುವಿನಲ್ಲಿ ಗಾಳಿ ಎಳೆಯುತ್ತದೆ. ವೆಲ್ಡ್ ಆದ ಮೇಲೆ ಡೀಸೆಲ್ ತುಂಬಿ ರಾತ್ರಿ ಪೇಪರ್ ಮೇಲಿಟ್ಟು ಬಿಡಿ, ಕಣ್ಣಿಗೆ ಕಾಣದ ತೂತು ಬೆಳಿಗ್ಗೆ ಪೇಪರ್ ಮೇಲೆ ಕಾಣುತ್ತದೆ.

ಮೌಂಟಿಂಗ್‌ಗೆ 6 ಮಿ.ಮೀ. ಪ್ಲೇಟ್. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿ ತಗಡೇ ಭಾರ ಹೊರಬೇಕು. ಒಳಗಿನಿಂದ 3 ಮಿ.ಮೀ. ಪಟ್ಟಿ ಕೊಡದಿದ್ದರೆ ವೆಲ್ಡ್ ಪಕ್ಕದಲ್ಲೇ ಸೀಳುತ್ತದೆ. ಇಂಜಿನ್ ಭಾರ ರಬ್ಬರಿನ ಮೇಲೆ ಕೂತ ಮೇಲೆ ಅಲ್ಲಲ್ಲಿ ಚುಕ್ಕೆ ವೆಲ್ಡ್ (ಟ್ಯಾಕ್) ಹಾಕಿ, ಇಂಜಿನ್ ಹೊರತೆಗೆದು ಪೂರ್ತಿ ವೆಲ್ಡ್ ಮಾಡಿ. ಬ್ಯಾಟರಿ ಬಿಚ್ಚಿರಬೇಕು, ಇಸಿಯು ಗಾಡಿಯಿಂದ ಹೊರಗಿರಬೇಕು.

ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಒಂದು ತುದಿ ಜಿಪ್ಸಿಯದು, ಇನ್ನೊಂದು ಫಿಯಟ್‌ನದು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು ಹರಿಹರ. ಕಾರ್ಖಾನೆ ಮುಚ್ಚಿದೆ, ಟರ್ನರ್ ಕೆಲಸ ಬಲ್ಲವರಿಗೆ ಅಲ್ಲಿ ಕೊರತೆಯಿಲ್ಲ. ಎರಡು ತುದಿಯ ಯೋಕ್ (ಜಾಯಿಂಟ್ ಹಿಡಿಯುವ ಕವೆ) ಒಂದೇ ಸಾಲಿಗಿರಬೇಕು, ಬ್ಯಾಲೆನ್ಸ್ ಮಾಡಿಸಲೇಬೇಕು. ಜಾಯಿಂಟ್‌ಗಳ ಕೋನ ಒಂದರಿಂದ ಮೂರು ಡಿಗ್ರಿ, ಎರಡೂ ಕಡೆ ಸಮ. ತೀರಾ ನೇರ ಇದ್ದರೂ ಕಷ್ಟ: ಒಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಜಾಗದಲ್ಲಿ ಸವೆದು ಗುಳಿ ಬೀಳುತ್ತದೆ.

ಎಂಪಿಎಫ್‌ಐ ಹಾಕಿದರೆ ಫಿಯಟ್‌ನ ಪೆಟ್ರೋಲ್ ಪೈಪ್ ಉಳಿಸಬೇಡಿ. ಕಾರ್ಬೊರೇಟರ್ ಲೈನಿನ ಹತ್ತುಪಟ್ಟು ಒತ್ತಡ ಎಂಪಿಎಫ್‌ಐ ಲೈನಿನಲ್ಲಿ. ಹಳೇ ಹೋಸ್ ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಚಿಮ್ಮಿಸುತ್ತದೆ. ಇಂಜೆಕ್ಷನ್ ಹೋಸ್, ರಿಟರ್ನ್ ಲೈನ್ ಹೊಸದು ಬೇಕು. ಇಂಜಿನ್ನಿಂದ ಬಾಡಿಗೆ ದಪ್ಪ ಅರ್ಥ್ ಪಟ್ಟಿ ಮರೆಯಬೇಡಿ. ಇಲ್ಲದಿದ್ದರೆ ಸೆಲ್ಫ್ ಹೊಡೆದಾಗ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿದು, ಕೇಬಲ್ ಕೆಂಪಗಾಗಿ ಸುಟ್ಟುಹೋಗುತ್ತದೆ.

ಬ್ರೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ: ಪದ್ಮಿನಿಯ ನಾಲ್ಕೂ ಗಾಲಿಗೆ ಡ್ರಮ್, ಎಂಪಿಎಫ್‌ಐ ಆದರೆ ಶಕ್ತಿ ದುಪ್ಪಟ್ಟು. ಮುಂದಿನ ಗಾಲಿಗಳಿಗೆ ಡಿಸ್ಕ್ ಹಾಕುವ ತನಕ ಇಂಜಿನ್ ಸ್ಟಾರ್ಟ್ ಮಾಡಿ ನೋಡಿ, ಓಡಿಸಬೇಡಿ.

ಕೊನೆಗೆ ಬಿಸಿ. ಜಿಪ್ಸಿಯ ಬ್ಲಾಕ್ ಅಲ್ಯೂಮಿನಿಯಂ, ಒಮ್ಮೆ ಕುದಿಸಿದರೆ ಹೆಡ್ ಬಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಫಿಯಟ್ ರೇಡಿಯೇಟರ್ ನೆಚ್ಚಬೇಡಿ, ಜಿಪ್ಸಿಯದನ್ನೇ ಕೂರಿಸಿ. ಬಾನೆಟ್ ತಗ್ಗಿರುವುದರಿಂದ ರೇಡಿಯೇಟರ್ ಮುಚ್ಚಳ ಹೆಡ್‌ಗಿಂತ ಕೆಳಗೆ ಬಂದರೆ ಹೆಡ್ಡಿನಲ್ಲಿ ಗಾಳಿ ನಿಂತುಬಿಡುತ್ತದೆ, ಮೀಟರಿನ ಮುಳ್ಳು ಅದನ್ನು ತೋರಿಸದೆಯೂ ಇರಬಹುದು. ಕೂಲಂಟ್ ತುಂಬುವಾಗ ಮುಂದಿನ ಗಾಲಿಗಳನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಚ್ಚಳ ತೆಗೆದೇ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಥರ್ಮೋಸ್ಟ್ಯಾಟ್ (ಬಿಸಿಯಾದಾಗ ನೀರು ಬಿಡುವ ವಾಲ್ವ್) ತೆರೆದು ಗುಳ್ಳೆ ಬರುವುದು ನಿಲ್ಲುವವರೆಗೆ ತುಂಬುತ್ತಿರಿ.