ಚಿತ್ರದ ಕೆಳಗಿನ ಒಂದು ಸಾಲು

ನನ್ನ ಸಂಗ್ರಹವನ್ನು ನೋಡಲು ಬರುವ ಸ್ನೇಹಿತರು ಸಾಮಾನ್ಯವಾಗಿ ಕುದುರೆಗಳನ್ನು, ಕೆಂಪು ಕೋಟಿನ ಸೈನಿಕರನ್ನು, ಫಿರಂಗಿಯ ಹೊಗೆಯನ್ನು ನೋಡಿ ಮೆಚ್ಚಿ ಮುಂದಿನ ಹಾಳೆಗೆ ಹೋಗಿಬಿಡುತ್ತಾರೆ. ನಾನು ಮಾತ್ರ ಚಿತ್ರದ ಕೆಳಗಿರುವ ಎರಡು ಬೆರಳಗಲದ ಖಾಲಿ ಅಂಚಿನಲ್ಲಿ ಇರುವೆ ಸಾಲಿನಂತೆ ಹರಿದಿರುವ ಅಕ್ಷರಗಳನ್ನು ತೋರಿಸಲು ಕಾದಿರುತ್ತೇನೆ. ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಂದಿನಿಂದ ಬ್ರಿಟಿಷ್ ಸೈನ್ಯ ಮತ್ತು ರಾಜಮನೆತನಕ್ಕೆ ಸಂಬಂಧಿಸಿದ ಹಳೆಯ ಮುದ್ರಿತ ಚಿತ್ರಗಳನ್ನು, ಅದರಲ್ಲೂ ಮೈಸೂರು ಯುದ್ಧಗಳ ಚಿತ್ರಗಳನ್ನು ಕೂಡಿಡುತ್ತಾ ಬಂದಿರುವ ನನಗೆ, ಚಿತ್ರ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಆದರೆ ಆ ಸಾಲು ಸುಳ್ಳು ಹೇಳುವುದು ಅಪರೂಪ ಎಂಬುದು ಅನುಭವದಿಂದ ಮನದಟ್ಟಾಗಿದೆ.

ಆ ಸಾಲಿನ ಹಿಂದೆ ಒಂದು ಕಾಯ್ದೆಯಿದೆ. ತಮ್ಮ ಚಿತ್ರಗಳನ್ನು ಕಂಡಕಂಡವರು ನಕಲು ಮಾಡಿ ಅಗ್ಗವಾಗಿ ಮಾರುತ್ತಿದ್ದುದರಿಂದ ರೋಸಿಹೋದ ಲಂಡನ್ನಿನ ಚಿತ್ರಕಾರ, ಕೆತ್ತನೆಗಾರ ವಿಲಿಯಂ ಹೋಗಾರ್ತ್ ಮತ್ತು ಅವನ ಜೊತೆಗಾರರು ಪಾರ್ಲಿಮೆಂಟಿಗೆ ಮೊರೆಯಿಟ್ಟ ಫಲವಾಗಿ, ಕೆತ್ತನೆಗಾರರಿಗೆ 14 ವರ್ಷಗಳ ಹಕ್ಕು ಕೊಡುವ ಕಾಯ್ದೆಯೊಂದು 1735ರ ಜೂನಿನಲ್ಲಿ ಜಾರಿಗೆ ಬಂದಿತು. ಮುಂದೆ ಆ ಅವಧಿ 28 ವರ್ಷಕ್ಕೆ ಏರಿತು. ಹಕ್ಕು ಬೇಕೆಂದರೆ ಹಕ್ಕುದಾರನ ಹೆಸರನ್ನೂ ಪ್ರಕಟವಾದ ದಿನಾಂಕವನ್ನೂ ಚಿತ್ರ ಅಚ್ಚು ಹಾಕುವ ಪ್ರತಿ ತಾಮ್ರದ ಫಲಕದ ಮೇಲೆ ಕೆತ್ತಲೇಬೇಕಿತ್ತು. ಹೀಗಾಗಿ ‘ಕಾಯ್ದೆಯ ಪ್ರಕಾರ ಪ್ರಕಟಿಸಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಮಾತು, ದಿನ, ತಿಂಗಳು, ವರ್ಷ, ಕೆಲವೊಮ್ಮೆ ಅಂಗಡಿಯ ಬೀದಿಯ ಹೆಸರು, ಎಲ್ಲವೂ ಅಲ್ಲಿ ಸಿಗುತ್ತವೆ. ಎಡಗಡೆಯಲ್ಲಿ ‘ಪಿಂಕ್ಸಿಟ್’ ಎಂದಿದ್ದರೆ ಅದರ ಹಿಂದಿರುವುದು ಚಿತ್ರ ಬರೆದವನ ಹೆಸರು, ಬಲಗಡೆಯಲ್ಲಿ ‘ಸ್ಕಲ್ಪ್‌ಸಿಟ್’ ಎಂದಿದ್ದರೆ ತಾಮ್ರದಲ್ಲಿ ಕೆತ್ತಿದವನ ಹೆಸರು. ಚೌಕಟ್ಟಿಗೆ ಹಿಡಿಸಲಿಲ್ಲವೆಂದು ಈ ಅಂಚನ್ನು ಕತ್ತರಿಸಿ ಎಸೆದವರು ಎಷ್ಟು ಮಂದಿಯೋ! ಅಂಥ ಹಾಳೆಯನ್ನು ಕಂಡಾಗ ಜಾತಕ ಕಳೆದುಕೊಂಡ ಮಗುವನ್ನು ಕಂಡಂತಾಗುತ್ತದೆ.

ಹೆಸರು ತಿಳಿದರೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಬರೆದವನು ಅಲ್ಲಿಗೆ ಹೋಗಿದ್ದನೇ? 1792ರ ಫೆಬ್ರವರಿ 26ರಂದು ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಶ್ರೀರಂಗಪಟ್ಟಣದ ಹೊರಗಿನ ಬಿಡಾರದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಒತ್ತೆಯಾಳುಗಳಾಗಿ ಬರಮಾಡಿಕೊಂಡ ದೃಶ್ಯವನ್ನು ಹಲವರು ಚಿತ್ರಿಸಿದ್ದಾರೆ. ಮಾಥರ್ ಬ್ರೌನ್ ಲಂಡನ್ನಿನಲ್ಲಿ ಕುಳಿತೇ ಅದನ್ನು ಬರೆದ. ಅವನು ಭಾರತದ ಮುಖವನ್ನೇ ಕಂಡವನಲ್ಲ. ರಾಬರ್ಟ್ ಹೋಮ್ ಹಾಗಲ್ಲ. ಕಾರ್ನ್‌ವಾಲಿಸನ ಸೈನ್ಯದ ಜೊತೆಗೇ ನಡೆದು ಬಂದವನು, ಆ ದೃಶ್ಯದ ಒಂದು ಮೂಲೆಯಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಬೆಂಗಳೂರು, ಸಾವನದುರ್ಗ, ಶಿವಗಂಗೆ, ಹೊಸೂರುಗಳ ಅವನ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಇಂಥ ಪುಸ್ತಕಗಳನ್ನು ವ್ಯಾಪಾರಿಗಳು ಬಿಚ್ಚಿ ಹಾಳೆಹಾಳೆಯಾಗಿ ಮಾರುತ್ತಾರೆ, ಅದು ಪಾಪವೆಂದು ಗೊತ್ತಿದ್ದೂ ನನ್ನಂಥವರು ಕೊಳ್ಳುತ್ತೇವೆ. ಹುಡುಕುವಾಗ ನಮ್ಮ ಊರುಗಳ ಹೆಸರಿಗೆ ಅಂದಿನವರು ಕೊಟ್ಟ ರೂಪಗಳು ತಿಳಿದಿರಬೇಕು: ಶ್ರೀರಂಗಪಟ್ಟಣ ‘ಸೆರಿಂಗಪಟಮ್’, ಸಾವನದುರ್ಗ ‘ಸೆವನ್‌ಡ್ರೂಗ್’. ಲಂಡನ್ನಿನ ಶೂಟರ್ಸ್ ಹಿಲ್ ಮೇಲೆ ‘ಸೆವರ್ನ್‌ಡ್ರೂಗ್’ ಎಂಬ ಗೋಪುರವೊಂದಿದೆ. ನಮ್ಮ ಸಾವನದುರ್ಗವೇ ಇರಬೇಕೆಂದು ಸಂಭ್ರಮದಿಂದ ಹೋಗಿ ನೋಡಿದರೆ ಅದು ಕೊಂಕಣದ ಸುವರ್ಣದುರ್ಗದ ನೆನಪಿಗೆ ಕಟ್ಟಿದ್ದು.

ಸುಳ್ಳಿನ ಸೊಗಸಿಗೆ ರಾಬರ್ಟ್ ಕೆರ್ ಪೋರ್ಟರನನ್ನು ಮೀರಿಸುವವರಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಭಾರತವನ್ನು ಕಾಣದ ಈ 22–23ರ ತರುಣ, ಕೋಟೆಯ ಮೇಲಿನ ದಾಳಿಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ಮುಗಿಬಿದ್ದು ನೋಡಿದರು. ಆ ಬಟ್ಟೆ ಇಂದು ಉಳಿದಿಲ್ಲ. ಉಳಿದಿರುವುದು ಜೊವಾನಿ ವೆಂಡ್ರಮಿನಿ ಅದನ್ನು ಆಧರಿಸಿ ಕೆತ್ತಿದ ದೊಡ್ಡ ಹಾಳೆಗಳು. ಗೋಡೆಯ ಬಿರುಕಿನ ಬಳಿ ಕತ್ತಿ ಎತ್ತಿ ನಿಂತ, ದಾಳಿಯ ಮುಂದಾಳು ಡೇವಿಡ್ ಬೇರ್ಡನ ಆಕೃತಿಯ ಮೇಲೆ ಭೂತಗನ್ನಡಿ ಹಿಡಿದರೆ ಗೆರೆಗಳೇ ಇಲ್ಲ, ಬರೀ ಚುಕ್ಕೆಗಳು. ಕೆನ್ನೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ವಿರಳವಾಗಿ, ಕತ್ತಿನ ನೆರಳಿನಲ್ಲಿ ದಟ್ಟವಾಗಿ, ಒಂದರಂತೆ ಇನ್ನೊಂದಿಲ್ಲದೆ ಹರಡಿವೆ. ಸ್ಟಿಪಲ್ ಎನ್ನುವ ವಿಧಾನವಿದು. ಒಂದೊಂದು ಚುಕ್ಕೆಯನ್ನೂ ಒಬ್ಬ ಮನುಷ್ಯ ಕೈಯಿಂದ ಮೂಡಿಸಿದ್ದಾನೆ ಎಂಬುದು ಆ ಅಸಮತೆಯಲ್ಲೇ ಗೊತ್ತಾಗುತ್ತದೆ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಹೊಸದರಲ್ಲಿ ಒಂದು ಭಾನುವಾರದ ಸಂತೆಯಲ್ಲಿ, ಕುದುರೆ ದಳದ ಅಧಿಕಾರಿಯೊಬ್ಬನ ಸಮವಸ್ತ್ರದ ಚಿತ್ರವನ್ನು, ಗೆದ್ದಲು ಹಿಡಿದಂತಿದ್ದ ಹಳೆಯ ಚೌಕಟ್ಟಿನ ಸಮೇತ, ಅಸಲಿ ಎಂದು ನಂಬಿ ಕೊಂಡೆ. ಒಳಗಿನ ರಟ್ಟು ಅಂಚನ್ನೆಲ್ಲ ಮುಚ್ಚಿಕೊಂಡಿತ್ತು. ಆಗಲೇ ಅನುಮಾನ ಬರಬೇಕಿತ್ತು. ಮನೆಗೆ ಬಂದು ಬಿಚ್ಚಿ ನೋಡಿದರೆ ಪ್ರಕಟಣೆಯ ಸಾಲಿಲ್ಲ. ತಾಮ್ರದ ಫಲಕವನ್ನು ಒದ್ದೆ ಕಾಗದದ ಮೇಲೆ ಒತ್ತಿದಾಗ ಸುತ್ತಲೂ ಬೀಳಬೇಕಾದ, ಬೆರಳಿಗೆ ಎಟಕುವ ತಗ್ಗಿಲ್ಲ. ಭೂತಗನ್ನಡಿಯಡಿಯಲ್ಲಿ ನೀಲಿ, ಕೆಂಪು, ಹಳದಿ ಚುಕ್ಕೆಗಳು ಕವಾಯತಿಗೆ ನಿಂತವರಂತೆ ಸಮನಾಗಿ ಸಾಲುಗಟ್ಟಿದ್ದವು, ಅಂದರೆ ಇಪ್ಪತ್ತನೆಯ ಶತಮಾನದ ಆಫ್‌ಸೆಟ್ ಮುದ್ರಣ. ಚೌಕಟ್ಟು ಮಾತ್ರ ನಿಜವಾಗಿಯೂ ಹಳೆಯದು. ಈಗ ಅದರಲ್ಲಿ ಅಮ್ಮನ ಫೋಟೊ ಇದೆ.

ಆದರೆ ಆ ಸಾಲನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಸಾಲು ಹೇಳುವುದು ಫಲಕ ಪ್ರಕಟವಾದ ದಿನವನ್ನೇ ಹೊರತು ನಿಮ್ಮ ಕೈಯಲ್ಲಿರುವ ಹಾಳೆ ಅಚ್ಚಾದ ದಿನವನ್ನಲ್ಲ. 1794ರ ನಂತರದ ಇಂಗ್ಲಿಷ್ ಕಾಗದದಲ್ಲಿ ತಯಾರಕನ ಹೆಸರಿನ ಜೊತೆ ವರ್ಷವೂ ನೀರಚ್ಚಾಗಿ, ಅಂದರೆ ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ಗುರುತಾಗಿ ಇರುವುದು ಸಾಮಾನ್ಯ. ನನ್ನಲ್ಲಿರುವ ಒಂದು ಹಾಳೆಯ ಅಂಚಿನಲ್ಲಿ 1794 ಎಂದಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಕಾಗದದ ಒಡಲಿನಲ್ಲಿ 1823 ಕಾಣುತ್ತದೆ. ಸವೆದ ಫಲಕದಿಂದ ತೆಗೆದ ತಡವಾದ ಪ್ರತಿಗಳು ಹೀಗೆಯೇ ಮಂಕಾಗಿರುತ್ತವೆ. ಮೆಜೋಟಿಂಟಿನ ಫಲಕವಂತೂ ಬೇಗ ಸವೆಯುತ್ತದೆ: ತಾಮ್ರದ ಮೈಯನ್ನೆಲ್ಲ ಮೊದಲು ಒರಟಾಗಿಸಿ, ಬೆಳಕು ಬೇಕಾದಲ್ಲಿ ಕೆರೆದು ನಯಗೊಳಿಸುವ ಆ ವಿಧಾನದಲ್ಲಿ ಆರಂಭದ ಪ್ರತಿಗಳ ಕಪ್ಪು ಮಖಮಲ್ಲಿನಂತಿರುತ್ತದೆ, ಆಮೇಲಿನವು ಬೂದಿ ಬಣ್ಣಕ್ಕೆ ಇಳಿಯುತ್ತವೆ.

ರಾಜಮನೆತನದ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಪಟ್ಟಾಭಿಷೇಕ, ಮದುವೆ, ನಾಮಕರಣಗಳ ಗಂಭೀರ ಹಾಳೆಗಳು ನನಗೆ ಬೇಸರ ತರಿಸುತ್ತವೆ. 1842ರಲ್ಲಿ ಆರಂಭವಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯಲ್ಲಿ ಬಂದ ವಿಕ್ಟೋರಿಯಾ ರಾಣಿಯ ಚಿತ್ರಗಳು ಒಂದು ಊಟದ ಬೆಲೆಗೆ ಸಿಗುತ್ತವೆ. ಮರದ ಅಚ್ಚಿನ ತುಂಡುಗಳನ್ನು ಜೋಡಿಸಿ ಮುದ್ರಿಸುತ್ತಿದ್ದುದರಿಂದ, ರಾಣಿಯ ಗಾಡಿಯ ನಡುವೆ ಕೂದಲೆಳೆಯ ಬಿಳಿ ಗೆರೆ ಹಾದುಹೋಗಿರುವುದನ್ನು ಕಾಣಬಹುದು. ನನಗೆ ಪ್ರಿಯವಾದುದು ಜೇಮ್ಸ್ ಗಿಲ್ರೆಯ ವ್ಯಂಗ್ಯ. ಮಳೆ, ಹಸಿವು, ಎತ್ತುಗಳ ಸಾವಿನಿಂದ ಕಂಗೆಟ್ಟ ಕಾರ್ನ್‌ವಾಲಿಸ್ 1791ರ ಮೇ ತಿಂಗಳಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಶ್ರೀರಂಗಪಟ್ಟಣದಿಂದ ಹಿಂದಿರುಗಿದ ಸುದ್ದಿ ಲಂಡನ್ ತಲುಪಿದಾಗ, ಅದೇ ಡಿಸೆಂಬರಿನಲ್ಲಿ ಗಿಲ್ರೆ ಒಂದು ಹಾಳೆ ಹೊರಡಿಸಿದ. ಅದರಲ್ಲಿ ಟಿಪ್ಪು ಕೋಟೆಗೋಡೆಯ ಮೇಲೆ ನಿಂತು ಓಡುತ್ತಿರುವ ಸೇನಾಪತಿಯ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ. ಮುಂಗಾರು ಮಳೆ ಬಂತೆಂದು ಶೀರ್ಷಿಕೆ ನಗುತ್ತದೆ. ಆ ಕಾಲದಲ್ಲಿ ಅಂಗಡಿಯ ಕಿಟಕಿಯಲ್ಲಿ ಇದನ್ನು ತೂಗುಹಾಕಿ ಮಾರಿದ ಹನ್ನಾ ಹಂಫ್ರಿಯ ಧೈರ್ಯಕ್ಕೆ ತಲೆಬಾಗಬೇಕು. ಅಸಲು ಪ್ರತಿ ನನ್ನ ಕೈಗೆ ನಿಲುಕುವಂಥದಲ್ಲ.

ಸದ್ಯಕ್ಕೆ ನಾನು ಹುಡುಕುತ್ತಿರುವುದು ವೆಂಡ್ರಮಿನಿಯ ದಾಳಿಯ ಚಿತ್ರದ ‘ಕೀ’ಯನ್ನು. ಯುದ್ಧದ ದೊಡ್ಡ ಚಿತ್ರಗಳನ್ನು ಮಾರುವಾಗ, ಆಕೃತಿಗಳ ಹೊರಗೆರೆ ಮಾತ್ರ ಎಳೆದು, ಅಂಕಿ ಹಾಕಿ, ಯಾರು ಯಾರೆಂದು ಹೆಸರಿಸುವ ಇನ್ನೊಂದು ಹಾಳೆಯನ್ನು ಕೊಡುವ ರೂಢಿಯಿತ್ತು. ಸಂಗ್ರಹಕಾರರು ಅದನ್ನು ಕಸವೆಂದು ಬಿಸಾಡಿದ್ದರಿಂದ ಚಿತ್ರಕ್ಕಿಂತ ಅದೇ ವಿರಳ. ನಾನು ನೋಡಿರುವ ಇತರ ಯುದ್ಧಗಳ ಕೀಗಳಲ್ಲಿ ಅಂಕಿ ಬಿದ್ದಿರುವುದು ಬಹುತೇಕ ಕೆಂಪು ಕೋಟಿನವರ ತಲೆಗೆ. ನನ್ನ ಬಳಿಯಿರುವ ಹಾಳೆಯ ಕೆಳತುದಿಯಲ್ಲಿ, ಬೇರ್ಡನ ಕಾಲಿನಿಂದ ಸ್ವಲ್ಪ ದೂರದಲ್ಲಿ, ರುಮಾಲು ಕಳಚಿ ಬಿದ್ದ ಮೈಸೂರಿನ ಸಿಪಾಯಿಯೊಬ್ಬನಿದ್ದಾನೆ. ಅವನಿಗೆ ಒಂದು ಅಂಕಿಯಾದರೂ ಸಿಕ್ಕಿದೆಯೇ ಎಂದು ನೋಡಬೇಕಾಗಿದೆ.