ಸುಮ್ಮನೆ ಓದುವ ಹತ್ತು ನಿಮಿಷ

ಮಗಳನ್ನು ಜಪಾನಿನ ಪ್ರಾಥಮಿಕ ಶಾಲೆಗೆ ಸೇರಿಸಿದಾಗ ವೇಳಾಪಟ್ಟಿಯಲ್ಲಿ ಮೊದಲ ಪಾಠಕ್ಕೂ ಮುಂಚೆ ಹತ್ತು ನಿಮಿಷದ ಒಂದು ಸಾಲು ಕಂಡಿತು: ‘ಅಸದೋಕು’, ಬೆಳಗಿನ ಓದು. ಇದಕ್ಕೆ ಯಾವ ಪುಸ್ತಕ ಕೊಳ್ಳಬೇಕು, ಪರೀಕ್ಷೆ ಯಾವಾಗ ಎಂದು ಹರುಕುಮುರುಕು ಜಪಾನಿಯಲ್ಲಿ ವಿಚಾರಿಸಿದೆ. ಶಿಕ್ಷಕಿ ನಕ್ಕರು. ಪರೀಕ್ಷೆಯಿಲ್ಲ, ಸುಮ್ಮನೆ ಓದುವುದು.

ನಾನು ಬೆಳೆದದ್ದು ‘ಸುಮ್ಮನೆ ಕೂರಬೇಡ, ಓದು’ ಎಂಬ ಗದರಿಕೆಯಲ್ಲಿ. ಸುಮ್ಮನೆಯೂ ಓದಬಹುದೆಂದು ಯಾರೂ ಹೇಳಿರಲಿಲ್ಲ.

1988ರಲ್ಲಿ ಚಿಬಾ ಪ್ರಾಂತ್ಯದ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಶುರುವಾದ ಪದ್ಧತಿಯಂತೆ ಇದು. ನಿಯಮಗಳು ನಾಲ್ಕೇ: ಎಲ್ಲರೂ ಓದುವುದು, ದಿನವೂ ಓದುವುದು, ಇಷ್ಟವಾದದ್ದನ್ನು ಓದುವುದು, ಬರೀ ಓದುವುದು. ಎಲ್ಲರೂ ಎಂದರೆ ಶಿಕ್ಷಕರೂ ಸೇರಿ. ವರದಿ ಬರೆಯುವ ಹಂಗಿಲ್ಲ.

ಆದರೆ ಇಷ್ಟವಾದದ್ದು ಎಲ್ಲಿಂದ ಬರಬೇಕು? ಶಾಲೆಗೆ ಗ್ರಂಥಾಲಯ ಕಡ್ಡಾಯ ಎಂಬ ಕಾನೂನು ಇಲ್ಲಿ 1953ರಲ್ಲೇ ಬಂತು. ಅದನ್ನು ನೋಡಿಕೊಳ್ಳುವ ಶಿಕ್ಷಕರನ್ನು ‘ಸದ್ಯಕ್ಕೆ’ ನೇಮಿಸದಿದ್ದರೂ ನಡೆಯುತ್ತದೆ ಎಂಬ ಸಾಲೊಂದು ಅದರ ಬಾಲಕ್ಕೆ ಅಂಟಿಕೊಂಡಿತ್ತು. ಆ ‘ಸದ್ಯಕ್ಕೆ’ ಮುಗಿದದ್ದು 2003ರಲ್ಲಿ, ಅದೂ ಎಲ್ಲ ವಿಭಾಗಗಳೂ ಸೇರಿ ಹನ್ನೆರಡು ತರಗತಿಗಳಿಗಿಂತ ಕಡಿಮೆಯಿಲ್ಲದ ಶಾಲೆಗಳಿಗೆ ಮಾತ್ರ. ಕಡತದ ಭಾಷೆ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು.

ನಮ್ಮ ಅದೃಷ್ಟಕ್ಕೆ ಮಗಳ ಶಾಲೆಯಲ್ಲಿ ಗ್ರಂಥಪಾಲಕಿ ಇದ್ದಾರೆ. ಬಿಡುವಿನಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು ಮಾತ್ರ ಐದನೆಯ, ಆರನೆಯ ತರಗತಿಯ ಮಕ್ಕಳೇ. ಆ ಮುಖಗಳ ಗಾಂಭೀರ್ಯ ಯಾವ ಬ್ಯಾಂಕಿನಲ್ಲೂ ಕಾಣದು.

ಮೂರನೆಯ ತರಗತಿಯ ನನ್ನ ಮಗಳು ಕೊಂಬಿನ ಜೀರುಂಡೆಯ ಒಂದೇ ಪುಸ್ತಕವನ್ನು ಏಳು ಸಲ ತಂದಳು. ಬೇಸತ್ತು, ‘ಇವಳಿಗೆ ಕಥೆಪುಸ್ತಕ ಕೊಡಿ’ ಎಂದು ಗ್ರಂಥಪಾಲಕಿಗೆ ಚೀಟಿ ಬರೆದೆ. ಅವರು ಕೊಡಲಿಲ್ಲ. ಜೀರುಂಡೆ ಸಾಕುವ ಹುಡುಗನ ಕಥೆಯೊಂದನ್ನು ಆ ಪುಸ್ತಕದ ಪಕ್ಕದಲ್ಲೇ ಮುಖಪುಟ ಕಾಣುವಂತೆ ನಿಲ್ಲಿಸಿದರು, ಅಷ್ಟೆ. ಎರಡು ವಾರದ ನಂತರ ಅದು ನಮ್ಮ ಮನೆಯಲ್ಲಿತ್ತು.

ಏಳು ಸಲದ ಓದೂ ವ್ಯರ್ಥವಾಗಿರಲಿಲ್ಲ. ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ ಇಲ್ಲಿನ ಮಕ್ಕಳು ಚೀನೀ ಮೂಲದ 1,026 ಕಾಂಜಿ ಅಕ್ಷರಗಳನ್ನು ಕಲಿಯಬೇಕು. ಮಕ್ಕಳ ಪುಸ್ತಕಗಳಲ್ಲಿ ಕಾಂಜಿಯ ಪಕ್ಕದಲ್ಲೇ ಅದರ ಉಚ್ಚಾರಣೆ ಸಣ್ಣದಾಗಿ ಅಚ್ಚಾಗಿರುತ್ತದೆ. ‘ಮರಿಹುಳು’ ಎಂಬ ಪದದ ಮೊದಲ ಅಕ್ಷರ ಆರನೆಯ ತರಗತಿಯದು. ಇವಳಿಗೆ ಅದು ಆಗಲೇ ಪರಿಚಿತ. ನಾನು ಖುಷಿಯಲ್ಲಿ ‘ಇನ್ನೇನು ಕಲಿತೆ, ಎಷ್ಟು ಪುಟ ಆಯಿತು?’ ಎಂದು ದಿನವೂ ಕೇಳತೊಡಗಿದೆ. ಒಂದೇ ವಾರದಲ್ಲಿ ಪುಸ್ತಕ ಚೀಲದಿಂದ ಹೊರಬರುವುದು ನಿಂತಿತು. ಬಾಯಿ ಮುಚ್ಚಿಕೊಂಡ ಮೇಲೆ ನಿಧಾನವಾಗಿ ಮತ್ತೆ ಹೊರಬಂತು.

ಕಳೆದ ತಿಂಗಳು ಕನ್ನಡದ ಒಂದು ಚಿತ್ರಪುಸ್ತಕವನ್ನು ಶಾಲೆಗೆ ಕೊಟ್ಟೆವು. ಗ್ರಂಥಪಾಲಕಿ ಪುಸ್ತಕದ ಬೆನ್ನಿಗೆ 929 ಎಂಬ ಚೀಟಿ ಅಂಟಿಸಿದರು. ಇಲ್ಲಿನ ಗ್ರಂಥಾಲಯಗಳ ವರ್ಗೀಕರಣದಲ್ಲಿ ಇತರ ಏಷ್ಯನ್ ಸಾಹಿತ್ಯದ ಸಂಖ್ಯೆ. ಮಗಳನ್ನು ಬಿಟ್ಟರೆ ಇಲ್ಲಿ ಯಾರಿಗೂ ಓದಲು ಬಾರದಲ್ಲ ಎಂದೆ. ಈಗಾಗಲೇ ಮೂವರು ಒಯ್ದಿದ್ದಾರೆ ಎಂದರು. ಏಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ: ‘ಸುಮ್ಮನೆ.’