ಪೆನ್ ಕಂಪನಿಯ ಹುಟ್ಟುಹಬ್ಬಕ್ಕೆ ನೀವ್ಯಾಕೆ ಕಾಯ್ತೀರಿ?

ನಾನು ಇಂಕ್ ಪೆನ್ ಸಂಗ್ರಹಿಸುತ್ತೇನೆ ಅಂತ ಗೊತ್ತಾದವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಜಪಾನಿನ ಯಾವುದೋ ಕಂಪನಿಗೆ ನೂರು ವರ್ಷ ಆದ್ರೆ ನಿಮಗೇನು? ಆ ವರ್ಷದ ಪೆನ್ನಿಗೆ ಅಂತ ಕಾಯೋದು ಯಾಕೆ, ಜಾಸ್ತಿ ದುಡ್ಡು ಕೊಡೋದು ಯಾಕೆ? ಎಲ್ಲ ಪೆನ್ನೂ ಬರೆಯುತ್ತೆ ಅಲ್ವಾ?" ಪೈಲಟ್ ಕಂಪನಿಗೆ 110 ತುಂಬುವುದು 2028ರಲ್ಲಿ. ಅದರ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಹಾಗಾಗಿ ಉತ್ತರವನ್ನು ಒಮ್ಮೆ ಸರಿಯಾಗಿ ಬರೆದಿಡೋಣ ಅನ್ನಿಸಿತು.

ಮೊದಲು ಹಿನ್ನೆಲೆ. ಜಪಾನಿನಲ್ಲಿ ದೊಡ್ಡ ಪೆನ್ ಕಂಪನಿಗಳು ಮೂರು. ಸೇಲರ್ 1911ರಲ್ಲಿ ಹಿರೋಶಿಮಾ ಬಳಿಯ ಕುರೆ ಎಂಬ ಬಂದರಿನಲ್ಲಿ ಶುರುವಾಯಿತು. ಪೈಲಟ್ 1918ರಲ್ಲಿ, ಪ್ಲಾಟಿನಮ್ 1919ರಲ್ಲಿ. ಮೂರೂ ನೂರು ದಾಟಿವೆ. ಮೂರೂ ಇವತ್ತಿಗೂ ಚಿನ್ನದ ನಿಬ್ಬನ್ನು ತಾವೇ ಮಾಡುತ್ತವೆ. ಹೀಗಾಗಿ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಂದಲ್ಲ ಒಂದು ಕಂಪನಿಯ ಹಬ್ಬ ಇದ್ದೇ ಇರುತ್ತದೆ.

ಇವುಗಳಲ್ಲಿ ನನಗೆ ತುಂಬ ಇಷ್ಟವಾಗುವುದು ಪೈಲಟ್ ತನ್ನ ವಯಸ್ಸನ್ನು ಇಟ್ಟುಕೊಂಡ ರೀತಿ. ಅವರ ಕಸ್ಟಮ್ ಸಾಲಿನ ಪೆನ್ನುಗಳಿಗೆ 67, 74, 823, 912 ಅಂತ ಹೆಸರು. ಗೊತ್ತಿಲ್ಲದವರಿಗೆ ಇವು ಸುಮ್ನೆ ಕೊಟ್ಟ ನಂಬರುಗಳ ಹಾಗೆ ಕಾಣುತ್ತವೆ. ಆದರೆ ಮೊದಲ ಎರಡು ಅಂಕಿ ಕಂಪನಿಯ ವಯಸ್ಸು. ಕಸ್ಟಮ್ 67 ಬಂದದ್ದು 1985ರಲ್ಲಿ, ಕಂಪನಿಗೆ 67 ಆದಾಗ. ಕಸ್ಟಮ್ 74 ಬಂದದ್ದು 1992ರಲ್ಲಿ. 823ರಲ್ಲಿ 82 ಅಂದರೆ 2000ನೇ ಇಸವಿ. ಕೊನೆಯ 3 ಅಂದರೆ ಆಗಿನ ಬೆಲೆ, ಮೂವತ್ತು ಸಾವಿರ ಯೆನ್. 912 ಬಂದದ್ದು 2009ರಲ್ಲಿ, ಇಪ್ಪತ್ತು ಸಾವಿರ ಯೆನ್‌ಗೆ. ಚಿನ್ನದ ಬೆಲೆ ಏರಿದ ಮೇಲೆ ಕೊನೆಯ ಅಂಕಿಗೂ ಬಿಲ್ಲಿಗೂ ಸಂಬಂಧ ಉಳಿದಿಲ್ಲ. ವಯಸ್ಸು ಮಾತ್ರ ಹಾಗೇ ಇದೆ.

ಇದರಲ್ಲಿ ಒಂದು ದೊಡ್ಡ ವಿಷಯ ಇದೆ. ಈ ಪೆನ್ನುಗಳು ಲಿಮಿಟೆಡ್ ಎಡಿಷನ್ ಅಲ್ಲ. 1992ರ ಕಸ್ಟಮ್ 74 ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. 823 ಕೂಡ ಸಿಗುತ್ತದೆ. 823ರ ಕೆಲಸ ನೋಡಿದರೆ ಅದು ಯಾಕೆ ಇಷ್ಟು ವರ್ಷ ಉಳಿಯಿತು ಅಂತ ತಿಳಿಯುತ್ತದೆ. ಅದರ ಬ್ಯಾರೆಲ್ಲೇ ಇಂಕಿನ ಟ್ಯಾಂಕು. ಹಿಂಬದಿಯ ಗುಬುಟನ್ನು ತಿರುಗಿಸಿ, ಕಡ್ಡಿಯನ್ನು ಪೂರ್ತಿ ಹೊರಗೆಳೆದು, ನಿಬ್ಬನ್ನು ಇಂಕಿನಲ್ಲಿ ಮುಳುಗಿಸಿ ಒಂದೇ ಸಲ ಕೆಳಗೆ ಒತ್ತಬೇಕು. ಒಳಗೆ ಗಾಳಿ ಇಲ್ಲದ ಜಾಗ ಆಗುತ್ತದೆ, ಕಡ್ಡಿ ತಳ ಮುಟ್ಟುತ್ತಿದ್ದ ಹಾಗೆ ಇಂಕು ನುಗ್ಗಿ ಬರುತ್ತದೆ. ಗುಬುಟು ಬಿಗಿಯಾಗಿದ್ದರೆ ಟ್ಯಾಂಕಿಗೂ ನಿಬ್ಬಿಗೂ ನಡುವಿನ ದಾರಿ ಮುಚ್ಚಿರುತ್ತದೆ. ಆದ್ದರಿಂದ ವಿಮಾನದಲ್ಲಿ ಜೇಬಿಗೆ ಇಂಕು ಸೋರುವ ಭಯ ಕಡಿಮೆ. ಪುಟಗಟ್ಟಲೆ ಬರೆಯುವಾಗ ಗುಬುಟನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು, ಅಷ್ಟೇ. ಹೊಸ ಪೆನ್ನಿಗೆ ತನ್ನ ವಯಸ್ಸನ್ನು ಹೆಸರಾಗಿ ಕೊಟ್ಟು, ಅದನ್ನು ದಶಕಗಟ್ಟಲೆ ಮಾರುತ್ತಾ ಹೋಗುವುದು ನನ್ನ ಪ್ರಕಾರ ಹುಟ್ಟುಹಬ್ಬ ಆಚರಿಸುವ ಅತ್ಯಂತ ಮರ್ಯಾದೆಯ ದಾರಿ.

"ಹಾಗಾದ್ರೆ ಸಾವಿರ ಪೆನ್ ಮಾತ್ರ, ಐನೂರು ಪೆನ್ ಮಾತ್ರ ಅನ್ನೋದೆಲ್ಲ ಬರೀ ವ್ಯಾಪಾರನಾ?" ಅಂತ ಮುಂದಿನ ಪ್ರಶ್ನೆ. ಎಲ್ಲವೂ ಅಲ್ಲ. ಸಂಖ್ಯೆ ಯಾಕೆ ಕಡಿಮೆ ಅನ್ನುವುದನ್ನು ನೋಡಬೇಕು.

ಪೈಲಟ್ ಮಾಡುವ ನಾಮಿಕಿ ಪೆನ್ನುಗಳನ್ನೇ ತೆಗೆದುಕೊಳ್ಳಿ. ಕಂಪನಿ ಕಟ್ಟಿದ ರ್‍ಯೋಸುಕೆ ನಾಮಿಕಿ ಮತ್ತು ಮಸಾವೋ ವಾಡಾ ಅವರಿಗೆ ಶುರುವಿನಲ್ಲಿ ಒಂದು ತಲೆನೋವಿತ್ತು. ಆಗಿನ ಪೆನ್ನುಗಳು ಎಬೊನೈಟ್ ಅನ್ನುವ ಗಟ್ಟಿ ರಬ್ಬರಿನವು. ಬೆಳಕಿಗೆ, ಬೆವರಿಗೆ ಎಬೊನೈಟ್ ಬಣ್ಣ ಕಳೆದುಕೊಳ್ಳುತ್ತಿತ್ತು. ಅದಕ್ಕೆ ಮೇಲೆ ಉರುಶಿ ಅನ್ನುವ ಜಪಾನೀ ಮೆರುಗು ಬಳಿದು ನೋಡಿದರು. ಬಣ್ಣ ನಿಂತಿತು. ಉರುಶಿ ಬಂದ ಮೇಲೆ ಅದರ ಮೇಲೆ ಚಿತ್ರವೂ ಬಂತು. ಉರುಶಿಯಲ್ಲಿ ಚಿತ್ರ ಬರೆದು, ಅದು ಹಸಿ ಇರುವಾಗಲೇ ಚಿನ್ನದ ಪುಡಿ ಉದುರಿಸುವ ಕೆಲಸಕ್ಕೆ ಮಾಕಿಎ ಅಂತ ಹೆಸರು. 1930ರಲ್ಲಿ ಲಂಡನ್ನಿನ ಡನ್‌ಹಿಲ್ ಕಂಪನಿ ಈ ಪೆನ್ನುಗಳನ್ನು ಮಾರಲು ಒಪ್ಪಂದ ಮಾಡಿಕೊಂಡಿತು. 1931ರಲ್ಲಿ ಗೊನ್ರೊಕು ಮತ್ಸುದಾ ಅವರ ಮುಂದಾಳತ್ವದಲ್ಲಿ ಕುಶಲಕರ್ಮಿಗಳ ಬಳಗವೊಂದು ಸೇರಿತು. ಕೊಕ್ಕೊಕಾಯ್ ಅನ್ನುವ ಆ ಬಳಗದ ಹೆಸರನ್ನು ಇವತ್ತಿಗೂ ಈ ಪೆನ್ನುಗಳ ಮೇಲೆ ಬರೆಯುತ್ತಾರೆ, ಪಕ್ಕದಲ್ಲಿ ಕೆಲಸ ಮಾಡಿದವರ ಸಹಿ ಇರುತ್ತದೆ.

ಉರುಶಿ ಅಂದರೆ ನಮ್ಮ ಚನ್ನಪಟ್ಟಣದ ಅರಗಿನ ಥರವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅರಗು ಕೀಟದಿಂದ ಬರುತ್ತದೆ. ಉರುಶಿ ಮರದ ಸೊನೆ. ಆ ಮರ ನಮ್ಮ ಮಾವು, ಗೇರುಗಳ ಕುಟುಂಬದ್ದೇ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಹಸಿ ಉರುಶಿ ಚರ್ಮಕ್ಕೆ ಏನು ಮಾಡುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಇನ್ನೊಂದು ವಿಚಿತ್ರ ಅಂದರೆ ಅದು ಬಿಸಿಲಿಗಿಟ್ಟರೆ ಗಟ್ಟಿಯಾಗುವುದಿಲ್ಲ, ಬೆಚ್ಚಗಿನ ತೇವದ ಗಾಳಿ ಬೇಕು. ಒಂದು ಪದರ ಬಳಿಯಬೇಕು, ಗಟ್ಟಿಯಾಗಲು ಬಿಡಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು. ಒಂದು ಪೆನ್ನಿಗೆ ತಿಂಗಳುಗಳು ಬೇಕು. ಅಂಥ ಪೆನ್ನು ಕೆಲವೇ ಕೆಲವು ಬಂದರೆ ಅದು ಯಾರೋ ಮೀಟಿಂಗಿನಲ್ಲಿ ಕೂತು ತೀರ್ಮಾನಿಸಿದ ಸಂಖ್ಯೆ ಆಗಿರಬೇಕಿಲ್ಲ. ಇರುವ ಕೈಗಳೇ ಅಷ್ಟು. ಇದಕ್ಕೆ ಕಾಯುವುದರಲ್ಲಿ ನನಗೆ ಅರ್ಥ ಕಾಣುತ್ತದೆ.

ಮಾಮೂಲಿ ಪೆನ್ನಿನ ಪ್ಲಾಸ್ಟಿಕ್ಕಿಗೆ ಹೊಸ ಬಣ್ಣ ಬೆರೆಸಿ, ಕ್ಯಾಪಿನ ಪಟ್ಟಿಯ ಮೇಲೆ ವರ್ಷ ಕೊರೆದು, ಒಳ್ಳೆಯ ಪೆಟ್ಟಿಗೆಯಲ್ಲಿಟ್ಟು ಬೆಲೆ ಏರಿಸಿದರೆ ನಾನು ಕೊಳ್ಳುವುದಿಲ್ಲ. ಬಣ್ಣ ನಿಮಗೆ ಮನಸ್ಸಿಗೆ ಹಿಡಿಸಿದರೆ ಕೊಳ್ಳಿ, ಅದು ಬೇರೆ ಮಾತು. ಖಾಲಿಯಾಗಿಬಿಡುತ್ತದೆ ಅನ್ನುವ ಗಾಬರಿಗೆ ಮಾತ್ರ ಕೊಳ್ಳಬೇಡಿ.

ಪೈಲಟ್ 2018ರ ನೂರನೇ ವರ್ಷಕ್ಕೆ ಇಂಕುಗಳನ್ನೂ ತಂದಿತ್ತು. ಇರೊಶಿಜುಕು ಸಾಲಿನಲ್ಲಿ ಏಳು ಬಣ್ಣ, ಜಪಾನಿನ ಏಳು ಅದೃಷ್ಟ ದೇವತೆಗಳ ಹೆಸರಿನಲ್ಲಿ. ಆ ಏಳರಲ್ಲಿ ಬೆಂಜಾಯ್‌ತೆನ್ ಅಂದರೆ ನಮ್ಮ ಸರಸ್ವತಿಯೇ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ಹೋದವಳು. ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ಬಿಶಾಮೊನ್‌ತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ. ಸರಸ್ವತಿಯ ಹೆಸರಿನ ಇಂಕಿನಲ್ಲಿ ಕನ್ನಡ ಬರೆಯಬಹುದು ಅನ್ನುವುದು ನನಗೆ ನಿಜಕ್ಕೂ ಸಂತೋಷದ ವಿಷಯ.

ಇನ್ನೊಂದು ಮಾತು ಹೇಳಲೇಬೇಕು. ಒಳ್ಳೆಯ ಕೆಲಸ ಹಬ್ಬದ ವರ್ಷದಲ್ಲೇ ಆಗಬೇಕು ಅಂತಿಲ್ಲ. ಪ್ಲಾಟಿನಮ್‌ನ 3776 ಮೊದಲು ಬಂದದ್ದು 1978ರಲ್ಲಿ. ಹೆಸರು ಫ್ಯೂಜಿ ಪರ್ವತದ ಎತ್ತರ, ಮೀಟರಿನಲ್ಲಿ. 2011ರಲ್ಲಿ ಅದನ್ನೇ ತಿದ್ದಿ 3776 ಸೆಂಚುರಿ ಅಂತ ತಂದರು. ಆಗ ಕಂಪನಿಗೆ 92, ಹಬ್ಬಕ್ಕೆ ಒಗ್ಗುವ ಸಂಖ್ಯೆಯೇ ಅಲ್ಲ. ಆದರೆ ಕ್ಯಾಪಿನ ಒಳಗೆ ಸ್ಪ್ರಿಂಗಿನ ಮೇಲೆ ಕೂತ ಇನ್ನೊಂದು ಪುಟ್ಟ ಮುಚ್ಚಳ ಇಟ್ಟರು. ಪೆನ್ ಮುಚ್ಚಿದಾಗ ಅದು ನಿಬ್ಬಿನ ಸುತ್ತ ಒತ್ತಿ ಕೂರುತ್ತದೆ, ಗಾಳಿ ಆಡುವುದಿಲ್ಲ. ಎರಡು ವರ್ಷ ಮುಟ್ಟದೆ ಇಟ್ಟರೂ ಇಂಕು ಒಣಗುವುದಿಲ್ಲ ಅಂತ ಕಂಪನಿ ಹೇಳುತ್ತದೆ. ನಮ್ಮ ಬೇಸಿಗೆಯಲ್ಲಿ ಇಂಕ್ ಪೆನ್ ಇಟ್ಟುಕೊಂಡವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಹಾಗಾಗಿ "ಮೊದಲ ಜಪಾನೀ ಪೆನ್ ಕೊಳ್ಳಬೇಕು, 2028ರ ತನಕ ಕಾಯಲಾ?" ಅಂತ ಕೇಳುವವರಿಗೆ ನನ್ನ ಉತ್ತರ: ಬೇಡ, ಈಗಲೇ ಕೊಳ್ಳಿ. ಕಸ್ಟಮ್ 74 ಅಥವಾ 3776 ಸೆಂಚುರಿ ಸಾಕು. ನಿಬ್ ಆರಿಸುವಾಗ ಒಂದು ನೆನಪಿಡಿ. ಜಪಾನಿನ ಫೈನ್ ನಿಬ್ ಯುರೋಪಿನ ಫೈನ್‌ಗಿಂತ ಸಣ್ಣ. ಸಣ್ಣ ಅಕ್ಷರದಲ್ಲಿ ಬರೆಯುವವರಿಗೆ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಬರುತ್ತವೆ. ಕೈ ಸ್ವಲ್ಪ ದೊಡ್ಡದಾಗಿ ಓಡುವುದಾದರೆ ಮೀಡಿಯಂ ತೆಗೆದುಕೊಳ್ಳಿ. ಕನ್ನಡದ ದುಂಡು ತಿರುವುಗಳಲ್ಲಿ ಅದು ಎಲ್ಲೂ ಕೆರೆಯದೆ ಸಾಗುತ್ತದೆ.

ನಾನು 2028ಕ್ಕೆ ಕಾಯುತ್ತಿರುವುದಂತೂ ನಿಜ. ನೂರು ದಾಟಿದ ಮೇಲೆ ಪೈಲಟ್ ತಂದ ಹೊಸ ಕಸ್ಟಮ್‌ಗಳಿಗೆ ಎನ್‌ಎಸ್ ಅಂತ, ಎಸ್‌ಇ ಅಂತ ಅಕ್ಷರದ ಹೆಸರುಗಳು ಬಂದವು. ವಯಸ್ಸಿನ ಅಂಕಿ ವಾಪಸ್ ಬರಲಿ ಅನ್ನುವುದು ನನ್ನ ಆಸೆ. ಚಿನ್ನ ಸುರಿದ ಡ್ರ್ಯಾಗನ್ ಪೆನ್ನು ಬಂದರೆ ಗಾಜಿನಾಚೆಯಿಂದ ನೋಡಿ ಖುಷಿಪಡುತ್ತೇನೆ. ಕಸ್ಟಮ್ 110 ಅಂತ ಒಂದು ಬಂದು, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಒಂದೆರಡು ತಿಂಗಳು ಉಳಿಸಿ ಕೊಳ್ಳುವ ಬೆಲೆಯಲ್ಲಿದ್ದು, ಇಪ್ಪತ್ತು ವರ್ಷ ಬಿಟ್ಟು ಕೇಳಿದರೂ ಅಂಗಡಿಯವರು "ಇದೆ" ಅಂದರೆ, ನನಗೆ ಬೇಕಾದ ಹುಟ್ಟುಹಬ್ಬದ ಪೆನ್ನು ಅದು.